ಹಳೆಯ ಗಣಕಯಂತ್ರ: ಬುಡ ಕೀಳುವ ಮುನ್ನ ಕಪಾತು ಮಾಡಿ ನೋಡೋಣ



ಕಾಫಿಯ ಧಾರಣೆ, ಅಡಿಕೆಯ ಎಲೆಚುಕ್ಕಿ ರೋಗ, ಗೊಬ್ಬರದ ದಾಸ್ತಾನು ಇವೆಲ್ಲ ಇರುವಾಗ ಈ ಸಲ ಕಂಪ್ಯೂಟರಿನ ಪ್ರಸ್ತಾಪವೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕಾರಣವಿದೆ. ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಸಂಘದ ಕಚೇರಿಯ ಮೂರೂ ಗಣಕಯಂತ್ರಗಳನ್ನು ವಿಲೇವಾರಿ ಮಾಡಿ ಹೊಸತನ್ನು ಕೊಳ್ಳಬೇಕೆಂಬ ಸಲಹೆ ಬಂದಿತು. "ಇವು ನಡೆಯುವುದಿಲ್ಲ, ತೆವಳುತ್ತವೆ" ಎಂಬುದು ಒಬ್ಬ ನಿರ್ದೇಶಕರ ಮಾತು. "ನಡೆಯುವಷ್ಟು ದಿನ ನಡೆಯಲಿ ಬಿಡಿ, ಕೆಟ್ಟ ಮೇಲೆ ನೋಡೋಣ" ಎಂಬುದು ಇನ್ನೊಬ್ಬರ ಮಾತು. ಈ ಎರಡೂ ಅಭಿಪ್ರಾಯಗಳನ್ನು ನಾವು ಒಪ್ಪಲಾರೆವು. ಸಂಘದ ಹಣ ಸದಸ್ಯರ ಹಣ. ಆದ್ದರಿಂದ ನಮ್ಮ ಅಭಿಪ್ರಾಯವನ್ನೂ ಅದರ ಕಾರಣಗಳನ್ನೂ ಬಹಿರಂಗವಾಗಿ ತಮ್ಮ ಮುಂದಿಡುವುದು ಕಾರ್ಯದರ್ಶಿಯಾದ ನಮ್ಮ ಕರ್ತವ್ಯ. ಇದು ಕಚೇರಿಯ ಮಾತು ಮಾತ್ರವೂ ಅಲ್ಲ. ಪಹಣಿ ನೋಡಲು, ಬ್ಯಾಂಕಿನ ಖಾತೆ ತೆರೆಯಲು, ದೂರದಲ್ಲಿರುವ ಮಕ್ಕಳ ಮುಖ ನೋಡಿ ಮಾತಾಡಲು ಒಂದು ಹಳೆಯ ಕಂಪ್ಯೂಟರು ಈಗ ನಮ್ಮ ಅನೇಕ ಸದಸ್ಯರ ಮನೆಯ ಜಗಲಿಯಲ್ಲಿದೆ.

ಮೊದಲು ರೋಗ ಯಾವುದೆಂದು ತಿಳಿಯಬೇಕು. ತೋಟದಲ್ಲಿ ಗಿಡ ಹಳದಿಯಾದರೆ ನಾವು ತಕ್ಷಣ ಗುದ್ದಲಿ ಎತ್ತುವುದಿಲ್ಲ. ನೀರು ನಿಂತಿದೆಯೇ, ಸುಣ್ಣ ಸಾಲದೇ, ಕಾಂಡಕೊರಕ ಹೊಕ್ಕಿದೆಯೇ ಎಂದು ನೋಡುತ್ತೇವೆ. ಹಳೆಯ ಕಂಪ್ಯೂಟರಿಗೆ ಬರುವ ರೋಗಗಳು ಎರಡು. ಒಂದು ನಿಧಾನ. ಇನ್ನೊಂದು ರಕ್ಷಣೆಯ ಅವಧಿ ಮುಗಿದಿರುವುದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಸಿಟ್ಟು ತರಿಸುತ್ತದೆ, ಆದರೆ ಅಪಾಯಕಾರಿಯಲ್ಲ. ಎರಡನೆಯದು ಕಾಣುವುದಿಲ್ಲ, ಆದರೆ ಮನೆ ಮುಳುಗಿಸಬಲ್ಲದು. ನಮ್ಮ ಜನ ಮೊದಲನೆಯದಕ್ಕೆ ಮದ್ದು ಹುಡುಕುವ ಭರದಲ್ಲಿ ಎರಡನೆಯದನ್ನು ತಾವಾಗಿಯೇ ಬರಮಾಡಿಕೊಳ್ಳುತ್ತಿದ್ದಾರೆ. ಈ ಲೇಖನದ ಉದ್ದೇಶ ಅದನ್ನು ತಪ್ಪಿಸುವುದು.

ನಿಧಾನದ ಕಾರಣವನ್ನು ನೋಡೋಣ. ನಮ್ಮ ಕಚೇರಿಯ ಯಂತ್ರಗಳು 2013ರಲ್ಲಿ ಕೊಂಡವು. ಮೂರನೆಯ ಪೀಳಿಗೆಯ ಐ3 ಪ್ರೊಸೆಸರು, 4 ಜಿ.ಬಿ. ರ‍್ಯಾಮ್, 500 ಜಿ.ಬಿ. ಹಾರ್ಡ್ ಡಿಸ್ಕ್. ಅಂದು ಇವು ಚುರುಕಾಗಿಯೇ ಇದ್ದವು. ಯಂತ್ರವೇನೂ ಮುದಿಯಾಗಿ ನಡಿಗೆ ಮರೆತಿಲ್ಲ. ಅದರ ಮೇಲೆ ಹೇರುವ ಹೊರೆ ಹೆಚ್ಚಾಗಿದೆ. ಅಂದಿನ ಅಂತರ್ಜಾಲದ ಪುಟದಲ್ಲಿ ಅಕ್ಷರ, ನಾಲ್ಕಾರು ಚಿತ್ರ ಇಷ್ಟೇ ಇರುತ್ತಿತ್ತು. ಇಂದು ಒಂದು ವಾರ್ತಾಪತ್ರಿಕೆಯ ಪುಟ ತೆರೆದರೆ ಸುದ್ದಿಗಿಂತ ಜಾಹೀರಾತು, ತಾನಾಗಿ ಓಡುವ ವೀಡಿಯೊ, ನಾವು ಎಲ್ಲೆಲ್ಲಿ ಓಡಾಡಿದೆವೆಂದು ಬೆನ್ನು ಹತ್ತುವ ಗುಪ್ತ ಬರಹಗಳೇ ಹೆಚ್ಚು. ಬ್ರೌಸರು, ಎಂದರೆ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ, ಇಂಥ ಒಂದೊಂದು ಪುಟಕ್ಕೂ ನೂರಾರು ಎಂ.ಬಿ. ಜಾಗ ಕೇಳುತ್ತದೆ. ಐದಾರು ಪುಟ ತೆರೆಯುವಷ್ಟರಲ್ಲಿ ರ‍್ಯಾಮ್ ಭರ್ತಿ. ಆಗ ಯಂತ್ರವು ಉಳಿದದ್ದನ್ನು ಹಾರ್ಡ್ ಡಿಸ್ಕಿನಲ್ಲಿ ಇರಿಸಿ, ಬೇಕೆಂದಾಗ ಮತ್ತೆ ತೆಗೆಯುತ್ತದೆ. ಕಣದಲ್ಲಿ ಜಾಗ ಸಾಲದೆ ಕಾಫಿಯನ್ನು ಗೋದಾಮಿಗೂ ಕಣಕ್ಕೂ ಹೊತ್ತು ತಿರುಗಿದಂತೆ ಇದು. ಆ ಹಾರ್ಡ್ ಡಿಸ್ಕಿನ ಒಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯಿದ್ದು, ಒಂದು ಸಣ್ಣ ತೋಳು ಅದರ ಮೇಲೆ ಅತ್ತಿತ್ತ ಓಡಾಡಿ ಮಾಹಿತಿ ಹುಡುಕಬೇಕು. ಯಂತ್ರ "ತೆವಳುತ್ತದೆ" ಎನ್ನುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಆದ್ದರಿಂದ ಪ್ರಯೋಗಕ್ಕೆಂದು ಮೂರರಲ್ಲಿ ಒಂದನ್ನು ನಾವು ಬಿಚ್ಚಿಸಿದೆವು. ಒಳಗೆ ಜೇಡರ ಬಲೆ, ಒಣಗಿದ ಒಂದು ಹಲ್ಲಿ, ಹಲ್ಲರ್ ಕಡೆಯಿಂದ ಗಾಳಿಗೆ ಬಂದ ಕಾಫಿ ಸಿಪ್ಪೆಯ ಧೂಳು ಸೇರಿ ಫ್ಯಾನು ತಿರುಗುವುದೇ ಕಷ್ಟವಾಗಿತ್ತು. ಬಿಸಿ ಮಿತಿ ಮೀರಿದರೆ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕುಂಚದಿಂದ ಧೂಳು ತೆಗೆದು, ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟನ್ನು ಒರೆಸಿ ಹೊಸತು ಹಚ್ಚಿದ್ದಾಯಿತು. ತಟ್ಟೆ ತಿರುಗುವ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿದೆವು. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಡಿಸ್ಕಿಗೆ ಒಂದು ಮಾಹಿತಿ ಹುಡುಕಲು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಸಮಯ ಬೇಕಾದರೆ, ಇದು ಅದಕ್ಕಿಂತ ಹತ್ತಾರು ಪಟ್ಟು ಬೇಗ ಹುಡುಕುತ್ತದೆ. ಇನ್ನೊಂದು 4 ಜಿ.ಬಿ. ರ‍್ಯಾಮ್ ಸೇರಿಸಿ ಒಟ್ಟು 8 ಮಾಡಿದೆವು. ಎಲ್ಲಕ್ಕೂ ಸೇರಿ ತಗುಲಿದ್ದು ನಾಲ್ಕು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಬೆಲೆ ಏರಿಳಿಯುತ್ತದೆ, ಆದರೂ ಹೊಸ ಯಂತ್ರದ ಬೆಲೆಯ ಮುಂದೆ ಇದು ಸಣ್ಣ ಪಾಲು. ಮೊದಲು ಸ್ವಿಚ್ ಹಾಕಿ, ಕಾಫಿ ಕುಡಿದು ಬಂದರೂ ತೆರೆಯದಿದ್ದ ಯಂತ್ರ ಈಗ ಒಂದು ನಿಮಿಷದೊಳಗೆ ಕೆಲಸಕ್ಕೆ ಸಿದ್ಧ. ಎರಡರಲ್ಲಿ ಒಂದನ್ನೇ ಮಾಡಿಸಲು ಕೈಯಲ್ಲಿ ಹಣವಿರುವವರು ಮೊದಲು ಎಸ್.ಎಸ್.ಡಿ. ಹಾಕಿಸಲಿ ಎಂಬುದು ನಮ್ಮ ಸಲಹೆ.

ಇನ್ನೊಂದು ಸಣ್ಣ ಸಂಗತಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಒಂದು ಯಂತ್ರ ತಾರೀಖನ್ನು ಮರೆತು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತಿತ್ತು. ಆ ದಿನ ಯಾವ ಪುಟ ತೆರೆದರೂ "ಇದು ಸುರಕ್ಷಿತವಲ್ಲ" ಎಂಬ ಎಚ್ಚರಿಕೆ. ಗುಮಾಸ್ತರು ವೈರಸ್ ಬಂದಿತೆಂದು ಗಾಬರಿಯಾದರು. ವಾಸ್ತವದಲ್ಲಿ ಒಳಗಿನ ಸಿ.ಆರ್. 2032 ಎಂಬ ಬಿಲ್ಲೆಯಂಥ ಬ್ಯಾಟರಿ ಸತ್ತಿತ್ತು. ಪ್ರತಿಯೊಂದು ಸುರಕ್ಷಿತ ತಾಣಕ್ಕೂ ಇಂಥ ದಿನದಿಂದ ಇಂಥ ದಿನದ ತನಕ ಎಂದು ಅವಧಿಯಿರುವ ಪ್ರಮಾಣಪತ್ರವಿರುತ್ತದೆ; ಯಂತ್ರದ ತಾರೀಖು ತಪ್ಪಾದರೆ ಬ್ರೌಸರಿಗೆ ಎಲ್ಲ ಪತ್ರಗಳೂ ಅಸಿಂಧುವಾಗಿ ಕಾಣುತ್ತವೆ. ಬ್ಯಾಟರಿ ಬದಲಿಸಿದೊಡನೆ ಎಲ್ಲ ಸರಿಹೋಯಿತು. ಇಷ್ಟು ಅಲ್ಪ ಕಾರಣಕ್ಕೆ ಯಂತ್ರವನ್ನೇ ಗುಜರಿಗೆ ಹಾಕಿದವರಿದ್ದಾರೆ.

ಇನ್ನು ಎರಡನೆಯ ರೋಗ. ಕಂಪ್ಯೂಟರಿನ ಮೂಲ ತಂತ್ರಾಂಶಕ್ಕೆ ತಯಾರಕರು ಒಂದು ಅವಧಿಯ ತನಕ ಮಾತ್ರ ದೋಷ ಪರಿಹಾರ ಒದಗಿಸುತ್ತಾರೆ. ವಿಂಡೋಸ್ ಎಕ್ಸ್‌ಪಿಗೆ ಆ ಅವಧಿ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯ ವಿಂಡೋಸ್ 10 ಯಂತ್ರಗಳಿಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ರಕ್ಷಣೆ ಕೊಡುವುದಾಗಿ ಕಂಪನಿ ಪ್ರಕಟಿಸಿತು. ವಿಂಡೋಸ್ 11 ಆದರೋ ಇಂಟೆಲ್ಲಿನ ಸಾಮಾನ್ಯ ಕೋರ್ ಯಂತ್ರಗಳಲ್ಲಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದನ್ನೂ, ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪನ್ನೂ ಕೇಳುತ್ತದೆ. ನಮ್ಮ 2013ರ ಯಂತ್ರ ಆ ಬಾಗಿಲಿನೊಳಗೆ ಹೋಗುವಂತಿಲ್ಲ.

ಬ್ರೌಸರುಗಳೂ ಹೀಗೆಯೇ ಹಿಂದೆ ಸರಿಯುತ್ತವೆ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಕ್ರೋಮ್ 2023ರ ಜನವರಿಯ 109ನೆಯ ಆವೃತ್ತಿ. ಫೈರ್‌ಫಾಕ್ಸಿನಲ್ಲಿ ಅದು 115ನೆಯದು. ಹಳೆಯ ಬ್ರೌಸರು ಕ್ರಮೇಣ ಪುಟಗಳನ್ನು ತೆರೆಯಲೂ ಸೋಲುತ್ತದೆ. 2020ರಲ್ಲಿ ಮುಖ್ಯ ಬ್ರೌಸರುಗಳೆಲ್ಲ ಟಿ.ಎಲ್.ಎಸ್.ನ ಹಳೆಯ ಎರಡು ಗುಪ್ತಲಿಪಿ ಪದ್ಧತಿಗಳನ್ನು ಕೈಬಿಟ್ಟವು. 2021ರ ಸೆಪ್ಟೆಂಬರ್ 30ರಂದು ಲಕ್ಷಾಂತರ ತಾಣಗಳ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಮೂಲಪತ್ರದ ಅವಧಿ ಮುಗಿದು, ಹೊಸ ಮೂಲಪತ್ರವಿಲ್ಲದ ಹಳೆಯ ಯಂತ್ರಗಳಲ್ಲಿ ಆ ತಾಣಗಳು ತೆರೆಯದಾದವು. ಆದರೆ ಪುಟ ತೆರೆಯದಿರುವುದು ದೊಡ್ಡ ನಷ್ಟವಲ್ಲ. ತೆರೆಯುವ ಪುಟದ ಮೂಲಕ ಕಳ್ಳ ಒಳಬರುವುದು ದೊಡ್ಡ ನಷ್ಟ.

ತೋಟದ ಮಾತಿನಲ್ಲಿ ಹೇಳುವುದಾದರೆ ಅಡಿಕೆಗೆ ಬೋರ್ಡೋ ಹೊಡೆಯುವುದನ್ನು ನೆನೆಯಿರಿ. ಹೋದ ವರ್ಷ ಹೊಡೆದ ಔಷಧಿ ಈ ವರ್ಷದ ಕೊಳೆರೋಗವನ್ನು ತಡೆಯುವುದಿಲ್ಲ. ಮಳೆಗೆ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಮತ್ತೊಂದು ಸಲ ಹೊಡೆಯಲೇಬೇಕು. ಬ್ರೌಸರಿನ ನವೀಕರಣ ಇದೇ ಔಷಧಿ. ಕಳ್ಳರು ದಿನಕ್ಕೊಂದು ಹೊಸ ಬಿರುಕು ಹುಡುಕುತ್ತಾರೆ, ತಯಾರಕರು ಅದನ್ನು ಮುಚ್ಚಿ ಹೊಸ ಆವೃತ್ತಿ ಕಳಿಸುತ್ತಾರೆ. ಮುಚ್ಚಿದ ಬಿರುಕು ಯಾವುದೆಂದು ಊರಿಗೆಲ್ಲ ತಿಳಿದ ಮೇಲೂ ಹಳೆಯ ಆವೃತ್ತಿಯನ್ನೇ ಇಟ್ಟುಕೊಂಡವನ ಸ್ಥಿತಿ, ಅಕ್ಕಪಕ್ಕದ ತೋಟಗಳಲ್ಲೆಲ್ಲ ಕೊಳೆ ಬಂದಿರುವಾಗ ಔಷಧಿ ಹೊಡೆಯದೆ ಕೂತವನ ಸ್ಥಿತಿಯೇ ಸರಿ.

ಈ ಹಿನ್ನೆಲೆಯಲ್ಲಿ ಪೇಟೆಯಲ್ಲೂ ನೆಂಟರಿಷ್ಟರಲ್ಲೂ ಹರಡಿರುವ ಮೂರು ತಪ್ಪು ಮದ್ದುಗಳನ್ನು ನಾವು ಖಂಡಿಸಬೇಕಾಗಿದೆ. ಮೊದಲನೆಯದು, "ಅಪ್‌ಡೇಟ್ ಬಂದರೆ ಸ್ಲೋ ಆಗುತ್ತದೆ" ಎಂದು ಅದನ್ನೇ ನಿಲ್ಲಿಸಿಬಿಡುವುದು. ಎರಡನೆಯದು, ಹಗುರವೆಂದು ಯಾವುದೋ ಹಳೆಯ ಬ್ರೌಸರನ್ನು ಹುಡುಕಿ ಹಾಕಿಕೊಳ್ಳುವುದು. ಮೂರನೆಯದು, ವೇಗ ಹೆಚ್ಚಿಸುತ್ತೇವೆಂದು ಪುಕ್ಕಟೆ ಸಿಗುವ "ಕ್ಲೀನರ್"ಗಳು. ಈ ಕೊನೆಯವು ಒಂದು ಮೂಲೆಯನ್ನು ಗುಡಿಸಿ ಮೂರು ಮೂಲೆಗೆ ಕಸ ಸುರಿಯುವ ಜಾತಿಯವು.

ಇದು ಬರಿಯ ಬೆದರಿಕೆಯಲ್ಲ. ನಮ್ಮ ಒಬ್ಬ ಹಿರಿಯ ಸದಸ್ಯರ ಮನೆಯಲ್ಲಿ ಹೀಗಾಯಿತು. ಯಂತ್ರ ನಿಧಾನವೆಂದು ಇಂಥ ಒಂದು ಕ್ಲೀನರ್ ಹುಡುಕುತ್ತ ಹೋದರು. ಒಂದು ಜಾಹೀರಾತು ಒತ್ತಿದೊಡನೆ ಪರದೆಯೆಲ್ಲ ಕೆಂಪಾಗಿ, ಸೈರನ್ ಕೂಗಿ, "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ಸಂಖ್ಯೆಗೆ ಫೋನ್ ಮಾಡಿ" ಎಂದು ಬಂತು. ಅವರು ಮಾಡಿದರು. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ದೂರದಿಂದ ಯಂತ್ರವನ್ನು ನಡೆಸುವ ಒಂದು ತಂತ್ರಾಂಶ ಹಾಕಿಸಿ, "ಬ್ಯಾಂಕಿನ ಖಾತೆ ಸುರಕ್ಷಿತವಾಗಿದೆಯೇ, ಒಮ್ಮೆ ತೆರೆದು ನೋಡಿ ಯಜಮಾನ್ರೇ" ಎಂದ. ಆ ವಾರವಷ್ಟೇ ಅಡಿಕೆ ಮಾರಿದ ಹಣ ಖಾತೆಗೆ ಬಂದಿತ್ತು. ಅಷ್ಟರಲ್ಲಿ ಅಡಿಗೆಮನೆಯಿಂದ ಬಂದ ಸೊಸೆ, "ಮಾವಯ್ಯ, ಯಾರ ಹತ್ತಿರ ಮಾತಾಡ್ತಿದ್ದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಂಟರ್ನೆಟ್ಟಿನ ವೈರನ್ನೇ ಕಿತ್ತು ಹಾಕಿದರು. ಆ ಹೆಣ್ಣುಮಗಳ ಸಮಯಪ್ರಜ್ಞೆಯಿಂದ ಒಂದು ವರ್ಷದ ದುಡಿಮೆ ಉಳಿಯಿತು. ಎಲ್ಲ ಮನೆಗಳಲ್ಲೂ ಆ ಹೊತ್ತಿಗೆ ಅಂಥ ಸೊಸೆ ಬರುತ್ತಾಳೆಂದು ನಂಬಿ ಕೂರಲಾದೀತೇ?

ಹಾಗಾದರೆ ದಾರಿ ಯಾವುದು? ಹಳೆಯ ಯಂತ್ರ, ಆದರೆ ಹೊಸ ತಂತ್ರಾಂಶ ಎಂಬುದೇ ನಮ್ಮ ಉತ್ತರ. ನಾವು ದುರಸ್ತಿ ಮಾಡಿಸಿದ ಯಂತ್ರಕ್ಕೆ ಲಿನಕ್ಸ್ ಮಿಂಟ್ ಎಂಬ ಮೂಲ ತಂತ್ರಾಂಶವನ್ನು, ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರ ಬಗೆಯನ್ನು, ಹಾಕಿಸಿದೆವು. ಇದಕ್ಕೆ ದುಡ್ಡಿಲ್ಲ. 2 ಜಿ.ಬಿ. ರ‍್ಯಾಮ್ ಕನಿಷ್ಠ, 4 ಇದ್ದರೆ ಸಲೀಸು, ಡಿಸ್ಕಿನಲ್ಲಿ 20 ಜಿ.ಬಿ. ಜಾಗ ಸಾಕು. 2024ರ ಜುಲೈನಲ್ಲಿ ಬಂದ ಇದರ 22ನೆಯ ಮಾಲಿಕೆಗೆ 2029ರ ತನಕ ರಕ್ಷಣೆಯ ಭರವಸೆಯಿದೆ. ಇದರೊಂದಿಗೆ ಬರುವ ಫೈರ್‌ಫಾಕ್ಸ್ ಹಳಸಲಲ್ಲ, ಇಂದಿನ ಹೊಸ ಯಂತ್ರಗಳಲ್ಲಿರುವ ಆವೃತ್ತಿಯೇ. ಪುಕ್ಕಟೆ ಎಂದರೆ ಕಳಪೆಯೆಂದು ಶಂಕಿಸುವವರಿಗೆ ಒಂದು ಮಾತು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಲಿನಕ್ಸನ್ನು ಅಂದಿನಿಂದ ಲೋಕದ ಎಲ್ಲ ಕಡೆಯ ಜನ ಕೈಗೂಡಿಸಿ ಬೆಳೆಸಿದ್ದಾರೆ. ಫೈರ್‌ಫಾಕ್ಸಿನ ಹಿಂದೆ ಇರುವ ಮೊಜಿಲ್ಲಾ ಪ್ರತಿಷ್ಠಾನವೂ ಲಾಭಕ್ಕಾಗಿ ಹುಟ್ಟಿದ್ದಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನ ನಮಗೆ ಈ ರೀತಿಯ ಕೆಲಸದಲ್ಲಿ ಅಪನಂಬಿಕೆ ಇರಬೇಕಾಗಿಲ್ಲ.

ಹಾಕಿಸುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಪ್ರಿಂಟರು, ವೈಫೈ, ಧ್ವನಿ ಎಲ್ಲ ಸರಿಯಿದ್ದರೆ ಮಾತ್ರ ಮುಂದುವರಿಯಿರಿ. ಆದರೆ ಹಾಕುವಾಗ ಹಳೆಯ ಡಿಸ್ಕಿನಲ್ಲಿರುವುದು ಅಳಿಸಿಹೋಗುವ ಸಂಭವವಿದೆ. ಆದ್ದರಿಂದ ಫೋಟೊ, ಪತ್ರ, ಲೆಕ್ಕಗಳ ನಕಲನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟು, ಅದನ್ನು ತೆರೆದು ನೋಡಿ ಖಾತ್ರಿಪಡಿಸಿಕೊಳ್ಳದೆ ಯಾರೂ ಕೈಹಾಕಬಾರದು. ಕನ್ನಡದ ಬಗ್ಗೆ ಚಿಂತೆ ಬೇಡ. ನುಡಿಯಲ್ಲಿ ಬೆರಳಚ್ಚು ಕಲಿತವರಿಗೆ ಅದೇ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲೂ ದೊರೆಯುತ್ತದೆ. ನುಡಿ, ಬರಹಗಳ ಹಳೆಯ ಅಕ್ಷರ ವಿಧಾನದಲ್ಲಿರುವ ಕಡತಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಸಂಘದ ನಡವಳಿ ಪುಸ್ತಕಗಳಿಗೆ ಈ ಕೆಲಸವನ್ನು ಹೇಗೂ ಒಂದು ದಿನ ಮಾಡಲೇಬೇಕಿತ್ತು.

ಆಮೇಲಿನದು ದಿನನಿತ್ಯದ ಆರೈಕೆ. ಕಾಫಿ ಗಿಡದಲ್ಲಿ ಬೇಡದ ಚಿಗುರು ತೆಗೆಯುವಂತೆ ಬ್ರೌಸರಿನಲ್ಲೂ ಬೇಡದ್ದನ್ನು ತೆಗೆಯಬೇಕು. ಫೈರ್‌ಫಾಕ್ಸಿಗೆ ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯುವ ಜೋಡಣೆ ಹಾಕಿದರೆ ಪುಟದ ಹೊರೆ ಇಳಿದು ಬೇಗ ತೆರೆಯುತ್ತದೆ. ಮೇಲೆ ಹೇಳಿದ ಕೆಂಪು ಪರದೆಯಂಥ ಮೋಸಗಳೂ ಬಹಳಷ್ಟು ಬಾಗಿಲಲ್ಲೇ ನಿಲ್ಲುತ್ತವೆ. ವೇಗ ಮತ್ತು ರಕ್ಷಣೆ ಎರಡೂ ಒಟ್ಟಿಗೆ ದೊರೆಯುವ ಮದ್ದು ಇದು. ಬೇರೆ ಜೋಡಣೆಗಳನ್ನು ಕಂಡಕಂಡಲ್ಲಿಂದ ಸೇರಿಸಬೇಡಿ. ಓದಿದ ಪುಟ ಮುಚ್ಚಿ. ಮತ್ತೆ ಬೇಕಾದ್ದಕ್ಕೆ ಗುರುತು ಹಾಕಿಟ್ಟುಕೊಳ್ಳಿ. ಇಂದಿನ ವೀಡಿಯೊಗಳ ಹೊಸ ಸಂಕೇತಗಳನ್ನು ಬಿಡಿಸುವ ಪ್ರತ್ಯೇಕ ಏರ್ಪಾಡು ಹಳೆಯ ಯಂತ್ರದಲ್ಲಿ ಇಲ್ಲದಿರುವುದರಿಂದ ಎಲ್ಲ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ವೀಡಿಯೊ ತಡವರಿಸಿದರೆ ಅದರ ಗುಣಮಟ್ಟವನ್ನು 480ಕ್ಕೆ ಇಳಿಸಿ ನೋಡಿ. ನವೀಕರಣ ಬಂದಿದೆ ಎಂದಾಗ ಅಂದೇ ಹಾಕಿ. ಗುಡುಗು ಸಿಡಿಲಿನ ಕಾಲದಲ್ಲಿ ವಿದ್ಯುತ್ತಿನ ವೈರು, ಇಂಟರ್ನೆಟ್ಟಿನ ವೈರು ಎರಡನ್ನೂ ಕಿತ್ತಿಡುವುದನ್ನು ಮಲೆನಾಡಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ನಮ್ಮ ವಾದದ ಮಿತಿಯನ್ನೂ ಮುಚ್ಚಿಡುವುದಿಲ್ಲ. ಸಂಘದ ಲೆಕ್ಕಪತ್ರದ ತಂತ್ರಾಂಶ ವಿಂಡೋಸಿನಲ್ಲಿ ನಡೆಯುವಂಥದ್ದು. ತೆರಿಗೆಯ ವಿವರ ಸಲ್ಲಿಸಲು ಬಳಸುವ ಡಿಜಿಟಲ್ ಸಹಿಯ ಕೀಲಿಯನ್ನು ಲಿನಕ್ಸಿಗೆ ಹೊಂದಿಸುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ. ಆದ್ದರಿಂದ ಒಂದು ಹೊಸ ಯಂತ್ರ ಬೇಕೇ ಬೇಕು; ಮೂರು ಬೇಡ. ಹಾಗೆಯೇ ಪ್ರತಿಯೊಂದು ಹಳೆಯದನ್ನೂ ಉಳಿಸಬೇಕೆಂದು ನಾವು ಹಟ ಹಿಡಿಯುವುದಿಲ್ಲ. 1 ಜಿ.ಬಿ. ರ‍್ಯಾಮಿನವು ಮತ್ತು 32 ಬಿಟ್ಟಿನ ಪ್ರೊಸೆಸರಿನವು ಕಾಂಡಕೊರಕ ತಿಂದು ಮುಗಿಸಿದ ಗಿಡಗಳಂತೆ. ಲಿನಕ್ಸಿಗೆ ಕ್ರೋಮಿನ 32 ಬಿಟ್ಟಿನ ಆವೃತ್ತಿ 2016ರಲ್ಲೇ ನಿಂತಿತು. ಡೆಬಿಯನ್ ಎಂಬ ಪ್ರಮುಖ ಲಿನಕ್ಸ್ ಬಳಗವೂ 2025ರ ಆಗಸ್ಟಿನ ತನ್ನ 13ನೆಯ ಆವೃತ್ತಿಯಿಂದ ಅಂಥ ಯಂತ್ರಗಳಿಗೆ ಸ್ಥಾಪನೆಯ ದಾರಿ ಮುಚ್ಚಿತು. ಅವುಗಳಲ್ಲಿ ಬ್ಯಾಂಕಿನ ಪುಟ ತೆರೆಯುವುದು ಬೇಡ. ಅವನ್ನು ತೋಟದ ಮೂಲೆಗೆ ಎಸೆಯದೆ, ಇ-ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಒಪ್ಪಿಸಬೇಕು. ಒಳಗಿರುವ ಸೀಸ ನಮ್ಮ ಬಾವಿಯ ನೀರಿಗೆ ಸೇರುವುದು ಬೇಡ.

"ಇದನ್ನೆಲ್ಲ ಯಾರು ಕಲಿಯುತ್ತಾರೆ, ಕೆಟ್ಟರೆ ಯಾರು ನೋಡುತ್ತಾರೆ?" ಎಂಬ ಪ್ರಶ್ನೆ ಸಭೆಯಲ್ಲಿ ಬಂದಿತು. ನ್ಯಾಯವಾದ ಪ್ರಶ್ನೆ. ನಮ್ಮ ಗುಮಾಸ್ತರಿಬ್ಬರು ಹೊಸ ಪರದೆಗೆ ಹೊಂದಿಕೊಳ್ಳಲು ಒಂದು ವಾರ ಗೊಣಗಿದರು, ಎರಡನೆಯ ವಾರ ಸುಮ್ಮನಾದರು, ಮೂರನೆಯ ವಾರ ಉಳಿದ ಎರಡು ಯಂತ್ರಗಳಿಗೂ ಹೀಗೇ ಮಾಡಿಸಿ ಎಂದರು. ಮೋಟಾರು ಪಂಪು, ಸ್ಪ್ರೇಯರು, ಕಳೆ ಕತ್ತರಿಸುವ ಯಂತ್ರ ಎಲ್ಲವನ್ನೂ ಬಿಚ್ಚಿ ಜೋಡಿಸಬಲ್ಲ ನಮ್ಮ ಹುಡುಗರಿಗೆ ನಾಲ್ಕು ಸ್ಕ್ರೂ ಬಿಚ್ಚಿ ಒಂದು ಡಿಸ್ಕ್ ಬದಲಿಸುವುದು ಹೆಚ್ಚಿನ ವಿದ್ಯೆಯಲ್ಲ.

ಆದ್ದರಿಂದ ಮುಂದಿನ ಸಭೆಯಲ್ಲಿ ನಾವು ಮಂಡಿಸಲಿರುವ ಸಲಹೆ ಇಷ್ಟು. ಲೆಕ್ಕಪತ್ರ ಮತ್ತು ಡಿಜಿಟಲ್ ಸಹಿಗೆ ಒಂದು ಹೊಸ ಯಂತ್ರ ಕೊಳ್ಳುವುದು. ದುರಸ್ತಿಯಾದ ಯಂತ್ರವನ್ನು ಕಚೇರಿಯ ಇತರ ಕೆಲಸಕ್ಕೆ ಉಳಿಸಿಕೊಳ್ಳುವುದು. ಎರಡನೆಯದನ್ನೂ ಅದೇ ರೀತಿ ಸರಿಪಡಿಸಿ, ಸದಸ್ಯರು ಬಂದು ಪಹಣಿ, ಧಾರಣೆ, ಹವಾಮಾನ ನೋಡಿಕೊಳ್ಳಲು ಮುಂಭಾಗದ ಕೋಣೆಯಲ್ಲಿ ಇಡುವುದು. ಮೂರನೆಯದನ್ನು ಬಿಡಿಭಾಗಗಳಿಗಾಗಿ ಕಾದಿರಿಸುವುದು. ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಸದಸ್ಯರು ತಮ್ಮ ಮನೆಯ ಯಂತ್ರಗಳನ್ನು ಸಂಘಕ್ಕೆ ತಂದು ಪರೀಕ್ಷಿಸಿಕೊಳ್ಳುವ ಏರ್ಪಾಡು ಮಾಡುವುದು. ಬರುವಾಗ ಮನೆಯ ಮಕ್ಕಳನ್ನೂ ಸೊಸೆಯಂದಿರನ್ನೂ ಕರೆತರಬೇಕೆಂದು ಈಗಲೇ ವಿನಂತಿಸುತ್ತೇವೆ.

ಮುದಿ ಕಾಫಿ ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದರೆ ಎರಡು ಮೂರು ವರ್ಷದಲ್ಲಿ ಅದೇ ಬುಡದಿಂದ ಮತ್ತೆ ಫಸಲು ಕಾಣುತ್ತೇವೆ. ಬೇರು ಗಟ್ಟಿಯಿದ್ದರೆ ಗಿಡ ಕೀಳಬೇಡ ಎಂದು ಹಿರಿಯರು ನಮಗೆ ಕಲಿಸಿದ್ದಾರೆ. ಬೇರು ಸತ್ತಿದ್ದರೆ ಮಮತೆ ತೋರಬೇಡ ಎಂದೂ ಅವರೇ ಕಲಿಸಿದ್ದಾರೆ. ಈ ಎರಡೂ ಪಾಠಗಳನ್ನು ನೆನಪಿನಲ್ಲಿಟ್ಟುಕೊಂಡು ಸದಸ್ಯರು ಸಭೆಗೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ. ಅಲ್ಲಿಯ ತನಕ ಒಂದು ಕೆಲಸ ಮಾತ್ರ ತಪ್ಪದೆ ಮಾಡಿ: ಇಂದು ರಾತ್ರಿ ತಮ್ಮ ಮನೆಯ ಯಂತ್ರದ ಬ್ರೌಸರು ಯಾವ ಆವೃತ್ತಿಯದೆಂದು ನೋಡಿಕೊಳ್ಳಿ. ಅದು ಹಳೆಯದಾಗಿದ್ದರೆ, ಸರಿಪಡಿಸುವ ತನಕ ಅದರಲ್ಲಿ ಬ್ಯಾಂಕಿನ ಪುಟವನ್ನು ತೆರೆಯಬೇಡಿ.

— ಕಾರ್ಯದರ್ಶಿ